ಕಾರಿಡಾರ್ ಬರೋದಕ್ಕಿಂತ ಮೊದ್ಲ ದಲ್ಲಾಳಿ ಬಂದಾನ, ಏನ್ ಮಾಡೋದು?

ಪ್ರಶ್ನೆ: ಸರ್, ಧಾರವಾಡ ಕಡೆ ನಮ್ದು ಎರಿ ಹೊಲ ಐತ್ರಿ. ಇಂಡಸ್ಟ್ರಿಯಲ್ ಕಾರಿಡಾರ್ ಬರ್ತೈತಿ, ಈಗ ಸಂಚಕಾರ ತಗೋ, ಖರೀದಿ ಆಮ್ಯಾಲೆ ಅಂತ ದಲ್ಲಾಳಿ ಬೆನ್ನು ಹತ್ಯಾನ. ಆಫ್ರಿಕಾದಾಗ ಇಂಥ ಕಾರಿಡಾರ್‌ದಿಂದ ರೈತ್ರು ಉದ್ಧಾರ ಆಗ್ಯಾರ ಅಂತಾನ, ಖರೇನ್ರಿ?

ಉತ್ತರ: ದಲ್ಲಾಳಿ ಆಫ್ರಿಕಾ ತನಕ ಓದ್ಕೊಂಡಾನಲ್ಲ, ಮೆಚ್ಚಬೇಕ್ರಿ! ಆದ್ರ ಪೂರ್ತಿ ಹೇಳಿಲ್ಲ. ತಾಂಜಾನಿಯಾದ ಸ್ಯಾಗ್‌ಕಾಟ್ ಅನ್ನೋ ಕೃಷಿ ಕಾರಿಡಾರ್ 2010ರಾಗ ಶುರುವಾತು, ನಡುವ ದೊಡ್ಡ ಕಂಪನಿ ಫಾರ್ಮು, ಸುತ್ತಲಿನ ಸಣ್ಣ ರೈತ್ರು ಅದಕ್ಕ ಮಾಲು ಕೊಡೋರು, ಇದು ಅವರ ಲೆಕ್ಕ. ಮೊಝಾಂಬಿಕ್‌ದಾಗ ಜಪಾನ್, ಬ್ರೆಜಿಲ್ ಕೂಡಿ 2009ರಾಗ ಪ್ರೊಸವಾನಾ ಅನ್ನೋ ಕೃಷಿ ಯೋಜನೆ ತಂದ್ರು, ನಕಾಲಾ ಕಾರಿಡಾರ್‌ನ ಭೂಮಿ ಖಾಲಿ ಬಿದ್ದೈತಿ ಅಂದ್ರು, ಆದ್ರ ಅದ್ರಾಗ ರೈತ್ರು ಬೀಳು ಬಿಟ್ಟ ಹೊಲಾನೂ ಇದ್ವು, ಅಲ್ಲಿನ ರೈತ ಸಂಘಟನೆ ಉನಾಕ್ ಜಗ್ಗಲಿಲ್ಲ, 2020ಕ್ಕ ಯೋಜನೆ ಬಂದ್ ಆತು.

ನಿಮ್ಮ ಕಡೆದು ಕೃಷಿ ಕಾರಿಡಾರ್ ಅಲ್ಲ, ಬೆಂಗಳೂರು-ಮುಂಬೈ ಕಾರಿಡಾರ್‌ನ ಧಾರವಾಡ ‘ನೋಡ್’, ಅಂದ್ರ ಕಾರ್ಖಾನಿ ಕೇಂದ್ರ. ಆದ್ರೂ ರಾಜಕಾರಣ ಅದೇ: ರೋಡಿಗಿಂತ ಮೊದ್ಲ ಸುದ್ದಿ ಬರ್ತೈತಿ, ಬರೇ ಸುದ್ದಿಗೇ ಹೊಲ ಕೈ ಬದಲಾಗ್ತಾವ. ಭೂ ಸುಧಾರಣಾ ಕಾಯ್ದೆದಾಗಿನ 79ಎ, 79ಬಿ ಕಲಂ 2020ರಾಗ ತೆಗದ ಮ್ಯಾಲಂತೂ ಕೂರಿಗಿ ಮುಟ್ಟದವ್ರೂ ಹೊಲ ತಗೋಬಹುದು. ಸಂಚಕಾರದ ಕರಾರು ಪತ್ರದಾಗ ಖರೀದಿ ಮುದ್ದತ್ತಿನ ಜಾಗ ಖಾಲಿ ಐತೇನು ನೋಡ್ರಿ. ಖಾಲಿ ಇದ್ರ ಸಹಿ ಹಾಕಬ್ಯಾಡ್ರಿ, ಅಂವ ನಿಮ್ಮ ಕಾಗದ ಕಿಸೆದಾಗ ಇಟ್ಕೊಂಡು ರೇಟ್ ಏರೋ ತನಕ ಕಾಯ್ತಾನ, ಆಮ್ಯಾಲೆ ಹೆಚ್ಚಿಗೆ ರೊಕ್ಕಕ್ಕ ಇನ್ನೊಬ್ಬಗ ದಾಟಿಸ್ತಾನ, ನಿಮಗ ಮಾತ್ರ ಹಳೇ ರೇಟು.

ಇನ್ನ ಕಾರ್ಖಾನಿಗೆ ಭೂಮಿ ತಗೊಳ್ಳೋ ರಾಜ್ಯದ ಸರ್ಕಾರಿ ಮಂಡಳಿ ಕೆಐಎಡಿಬಿನೇ ಬಂದ್ರ ಅದು 1966ರ ತನ್ನ ಕಾಯ್ದೆ ಮ್ಯಾಲೆ ನಡೀತೈತಿ. ನೋಟಿಸ್ ಕೈಗೆ ಬಂದ 30 ದಿನದಾಗ ಆಕ್ಷೇಪಣೆ ಬರೆದು ಕೊಡ್ರಿ, ಸ್ವೀಕೃತಿ ತಗೋರಿ. ಆಗೋದಿಲ್ಲ ಅಂತ ಕೈ ಕಟ್ಕೊಂಡು ಕೂಡಬ್ಯಾಡ್ರಿ. ಗದಗ ಜಿಲ್ಲಾ ಹಳ್ಳಿಗುಡಿಯೊಳಗ ಪೋಸ್ಕೋ ಸ್ಟೀಲ್ ಫ್ಯಾಕ್ಟರಿಗೆ ಭೂಮಿ ಕೇಳಿದಾಗ ರೈತ್ರು, ತೋಂಟದಾರ್ಯ ಮಠದ ಸಿದ್ಧಲಿಂಗ ಶ್ರೀಗಳು ಎದ್ದು ನಿಂತ್ರು, 2011ರಾಗ ಸರ್ಕಾರ ಅದನ್ನ ಕೈ ಬಿಡ್ತು.

ಪ್ರಶ್ನೆ: ನಾ ಲಾವಣಿ (ಗೇಣಿ) ಹೊಲ ಮಾಡಾಂವ, ಉತಾರದಾಗ (ಪಹಣಿ) ನನ್ನ ಹೆಸರಿಲ್ಲ. ನನಗೇನರ ಸಿಗ್ತೈತೇನ್ರಿ?

ಉತ್ತರ: ಈ ಪ್ರಶ್ನೆ ಯಾವ ಮಂತ್ರಿನೂ ಭಾಷಣದಾಗ ಎತ್ತಂಗಿಲ್ಲ ನೋಡ್ರಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆದಾಗ ಮೂರು ವರ್ಷದಿಂದ ದುಡಿಯೋ ಗೇಣಿದಾರ, ಕೂಲಿಕಾರರನ್ನೂ ಸಂತ್ರಸ್ತರು ಅಂತ ಹಿಡದಾರ. ಆದ್ರ ಕೆಐಎಡಿಬಿ ಹಾದಿ ಬ್ಯಾರೆ ಅಂತ ಮ್ಯಾಲೆ ಹೇಳೀನಲ್ಲ. ಮತ್ತ 1974ರಿಂದ ಇಲ್ಲಿ ಗೇಣಿನೇ ಬಂದ್ ಆಗಿರೋದ್ರಿಂದ ಮಾಲಕರು ಕಾಗದ ಮಾಡಂಗಿಲ್ಲ, ಎಲ್ಲಾ ಬಾಯಿ ಮಾತು. ಬೀಜ-ಗೊಬ್ಬರದ ಬಿಲ್ಲು, ಎಪಿಎಂಸಿ ಪಟ್ಟಿ ನಿಮ್ಮ ಹೆಸರಿಗೆ ಮಾಡಿಸಿ ಇಟ್ಕೋರಿ, ಅರ್ಜಿ ಕೊಡೋ ಹೊತ್ತಿಗೆ ತೋರಸಾಕ ಅದಾದ್ರೂ ಇರ್ತೈತಿ.