ಕೌದಿ ಮೇಲಿನ ಗೆರೆ ಮತ್ತೆ ಬರುತ್ತಾ?

ಪ್ರಶ್ನೆ: ಮೇಡಂ, ಕೆನಡಾದ ವಿನ್ನಿಪೆಗ್‌ನಲ್ಲಿರುವ ಮಗಳಿಗೆ ನಮ್ಮಮ್ಮನ ಹಳೇ ಕಾಟನ್ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದೇನೆ. ಹೊಲಿಗೆ ನೇರ ಬರಲಿ ಅಂತ, ಇಸ್ತ್ರಿ ಹಾಕಿದರೆ ಮಾಯವಾಗುವ ಪೆನ್ನಲ್ಲಿ ಗೆರೆ ಎಳೆದಿದ್ದೇನೆ. ಅರ್ಧ ಮುಗಿದಿದೆ. ಚಳಿಗೆ ಗೆರೆ ವಾಪಸ್ ಬರುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಜ. ಕೌದಿ ಸಾಗರದಲ್ಲೇ ಇರುವುದಾದರೆ ಯೋಚನೆ ಬೇಡ ಅನ್ನುತ್ತಿದ್ದೆ. ನಮ್ಮ ಮಲೆನಾಡಿನ ಯಾವ ಚಳಿಗೂ ಆ ಗೆರೆ ಏಳುವುದಿಲ್ಲ. ವಿನ್ನಿಪೆಗ್ ಹಾಗಲ್ಲ, ಅಲ್ಲಿ ಮೈನಸ್ 20 ಡಿಗ್ರಿಗೂ ಕೆಳಗಿಳಿಯುತ್ತದೆ.

ಈ ಪೆನ್ನುಗಳಲ್ಲಿ ಹೆಸರಾದದ್ದು ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಷನ್. ಅದು ಕಾಗದಕ್ಕೆಂದು ಮಾಡಿದ್ದು. ಅದರ ಶಾಯಿ ಸುಮಾರು 60 ಡಿಗ್ರಿ ಶಾಖಕ್ಕೆ ಬಣ್ಣ ಕಳೆದುಕೊಳ್ಳುತ್ತದೆ, ಅಷ್ಟೇ. ಶಾಯಿ ಬಟ್ಟೆಯಲ್ಲೇ ಇರುತ್ತದೆ. ಮೈನಸ್ 10ರ ಹೊತ್ತಿಗೆ ಬಣ್ಣ ತಿರುಗಿ ಬರಲು ಶುರುವಾಗಿ, ಮೈನಸ್ 20ಕ್ಕೆ ಪೂರ್ತಿ ಕಾಣುತ್ತದೆ. ಮಗಳು ಮನೆಯೊಳಗೆ ಹೊದ್ದರೆ ಏನೂ ಆಗದು. ಚಳಿಗಾಲದಲ್ಲಿ ರಾತ್ರಿಯಿಡೀ ಕಾರಿನಲ್ಲಿ ಬಿಟ್ಟರೆ ಬರಬಹುದು. ಆಗ ಮತ್ತೆ ಇಸ್ತ್ರಿ ಹಾಕಿದರೆ ಹೋಗುತ್ತದೆ, ಇದನ್ನು ಅವಳಿಗೆ ಹೇಳಿಡಿ.

ಈಗ ಒಂದು ಕೆಲಸ ಮಾಡಿ. ಅದೇ ಸೀರೆಯ ಚೂರಿನ ಮೇಲೆ ಗೆರೆ ಎಳೆದು, ತಣ್ಣೀರಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಒಣಗಿದ ಮೇಲೆ ಇಸ್ತ್ರಿ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಎಷ್ಟು ಉಳಿದಿದೆ ಅಂತ ಕಣ್ಣಾರೆ ನೋಡಬಹುದು. ಮುಗಿದ ಕೌದಿಯನ್ನೂ ಮೊದಲು ತೊಳೆದು, ಆಮೇಲೇ ಇಸ್ತ್ರಿ ಹಾಕಿ.

ಗಾಢ ಬಣ್ಣದ ಸೀರೆಗಳ ಬಗ್ಗೆ ನನಗೆ ಜಾಸ್ತಿ ಚಿಂತೆ. ಕಡುನೀಲಿ ಬಟ್ಟೆಗೆ ಇಸ್ತ್ರಿ ಹಾಕಿದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಗೆರೆ ಇದ್ದ ಕಡೆ ತೆಳು ಬಿಳಿ ಜಾಡು ಕಾಣಬಹುದು. ಅದು ಇಸ್ತ್ರಿಗೂ ಹೋಗುವುದಿಲ್ಲ. ಅಮ್ಮನ ಸೀರೆ ಮತ್ತೆ ಸಿಗುವುದಿಲ್ಲವಲ್ವಾ? ಉಳಿದರ್ಧಕ್ಕೆ ದಯವಿಟ್ಟು ಆ ಪೆನ್ನು ಬಿಡಿ. ಸ್ನಾನದ ಸೋಪು ಸವೆದು ಉಳಿದ ತೆಳು ಬಿಲ್ಲೆ ಒಣಗಿಸಿಟ್ಟುಕೊಳ್ಳಿ. ಗಾಢ ಬಣ್ಣದ ಮೇಲೆ ಅದರ ಗೆರೆ ಚೆನ್ನಾಗಿ ಕಾಣುತ್ತದೆ, ಒಂದು ಒಗೆತಕ್ಕೆ ಹೋಗುತ್ತದೆ. ತಿಳಿ ಬಣ್ಣಕ್ಕೆ ಟೈಲರ್‌ಗಳು ಬಳಸುವ ಬಣ್ಣದ ಸೀಮೆಸುಣ್ಣ ಸಾಕು. ಪೆನ್ನೇ ಬೇಕೆಂದರೆ ತುಂಡು ಕತ್ತರಿಸುವ ಅಂಚಿಗೆ ಮಾತ್ರ ಬಳಸಿ, ಅದು ಹೊಲಿಗೆಯೊಳಗೆ ಮಡಚಿಹೋಗುತ್ತದೆ.

ಅಂದಹಾಗೆ, ಪೆನ್ನಲ್ಲಿ ಗೆರೆ ಹಾಕಿರುವ ಭಾಗವನ್ನು ಈ ಮಳೆಯಲ್ಲಿ ಬಚ್ಚಲೊಲೆ ಮೇಲಿನ ತಂತಿಗೆ ಹರವಬೇಡಿ. ಹೊಲಿಯುವ ಮೊದಲೇ ಗೆರೆ ಮಾಯವಾದೀತು. ಹಾಗಾದರೂ ಗಾಬರಿ ಬೇಡ, ಫ್ರೀಜರಿನಲ್ಲಿಟ್ಟರೆ ತಿರುಗಿ ಕಾಣುತ್ತದೆ.