ಡ್ರೆಸ್ಸಿಂಗ್ ಒಣಗೇ ಇತ್ತು, ರಕ್ತ ಎಲ್ಲಿ ಹೋಯ್ತು?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 78 ವರ್ಷ, ಮಳೇಲಿ ಅಂಗಳದ ಪಾಚಿ ಮೇಲೆ ಜಾರಿ ತೊಡೆಮೂಳೆ ಕುತ್ತಿಗೆ ಮುರ್ಕೊಂಡ್ರು. ಮಾರನೇ ದಿನವೇ ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಸೊಂಟದ ಕೀಲಿನ ಬಾಲ್ ಬದಲಾಯಿಸಿದ್ರು. ಹಿಮೋಗ್ಲೋಬಿನ್ 11.2 ಇದ್ದಿದ್ದು ಮೂರನೇ ದಿನಕ್ಕೆ 7.6, ಒಂದು ಬಾಟ್ಲಿ ರಕ್ತ ಕೊಟ್ರು. ಡ್ರೆಸ್ಸಿಂಗ್ ಒಣಗೇ ಇತ್ತಲ್ಲ? ಮೊದ್ಲು ರಕ್ತ ಹೆಚ್ಚಿಸ್ಕೊಂಡು ಆಮೇಲೆ ಮಾಡಿಸ್ಬೇಕಿತ್ತು ಅಂತ ಅಣ್ಣ ಈಗ್ಲೂ ಬೈತಾರೆ. ತಿಂಗಳಾಯ್ತು, ಅಮ್ಮಂಗೆ ಸುಸ್ತು ಹೋಗಿಲ್ಲ.
- ಒಬ್ಬ ಓದುಗರು, ಹೊಸನಗರ

ಉತ್ತರ: ಅಮ್ಮನ ರಕ್ತ ಹೋಗೋಕೆ ಶುರುವಾಗಿದ್ದು ಆಪರೇಷನ್ ಟೇಬಲ್ ಮೇಲಲ್ಲ, ನಿಮ್ಮ ಅಂಗಳದಲ್ಲೇ. ಮೂಳೆ ಮುರಿದ ಕೂಡ್ಲೇ ಒಳಗೊಳಗೇ ರಕ್ತ ಸೋರುತ್ತೆ, ಆದ್ರೆ ಮೊದಲ ಟೆಸ್ಟಲ್ಲಿ ಅದು ಪೂರ್ತಿ ಕಾಣಲ್ಲ, ಡ್ರಿಪ್ ಹೋಗಿ ಮೈನೀರು ಸೇರಿ ರಕ್ತ ತೆಳುವಾದ್ಮೇಲೇ ನಿಜವಾದ ನಂಬರ್ ಗೊತ್ತಾಗೋದು. ಆಪರೇಷನ್ ಆದ್ಮೇಲೂ ಎರಡ್ಮೂರು ದಿನ ಮಾಂಸಖಂಡಗಳ ಮಧ್ಯೆ ಒಸರ್ತಾ ಇರುತ್ತೆ. ತೊಡೆ ನೀಲಿ ಕಟ್ಟಿತ್ತಾ? ರಕ್ತ ಹೋಗಿದ್ದು ಅಲ್ಲಿಗೇ. ಹೀಗೆ ಕಾಣದೆ ಹೋಗೋ ರಕ್ತ ಎಷ್ಟೋ ಸಲ ಕಂಡಿದ್ದಕ್ಕಿಂತ ಜಾಸ್ತಿ, ಅದಕ್ಕೇ ಡ್ರೆಸ್ಸಿಂಗ್ ನೋಡಿ ಲೆಕ್ಕ ಹಾಕೋಕಾಗಲ್ಲ. ಬರೀ ನಂಬರ್ ಇಳೀತು ಅಂತ ಡಾಕ್ಟ್ರು ತಪ್ಪು ಮಾಡಿದ್ರು ಅನ್ಬೇಡಿ.

ಅಣ್ಣನ ಕಾಳಜಿ ಅರ್ಥ ಆಗುತ್ತೆ, ಆದ್ರೆ ಕಾಯದೇ ಇದ್ದಿದ್ದೇ ಒಳ್ಳೇದಾಯ್ತು. ಕಬ್ಬಿಣದ ಮಾತ್ರೇಲಿ ರಕ್ತ ಏರೋಕೆ ವಾರಗಟ್ಲೆ ಬೇಕು, ಅಷ್ಟು ದಿನ ಈ ವಯಸ್ಸಲ್ಲಿ ಮಲಗಿದ್ರೆ ಬೆನ್ನುಹುಣ್ಣು, ನ್ಯುಮೋನಿಯಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು ಎಲ್ಲಾ ಬರುತ್ತೆ. ಸಾಧ್ಯವಾದ್ರೆ 48 ಗಂಟೆಯೊಳಗೇ ಆಪರೇಷನ್ ಆಗ್ಬೇಕು.

ಒಂದೇ ಬಾಟ್ಲಿ ಕೊಟ್ಟಿದ್ದಕ್ಕೂ ಕಾರಣ ಇದೆ. ಸೊಂಟ ಮುರಿದು ಆಪರೇಷನ್ ಆದ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಮೆರಿಕಾ, ಕೆನಡಾದಲ್ಲಿ ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದ್ರು, ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಬಂದ ಕೂಡ್ಲೇ ರಕ್ತ ಕೊಟ್ರೂ 8ರವರೆಗೆ ಕಾದ್ರೂ ಜೀವ ಉಳಿಯೋದ್ರಲ್ಲಿ, ನಡೆದಾಡೋದ್ರಲ್ಲಿ ವ್ಯತ್ಯಾಸ ಇರ್ಲಿಲ್ಲ. ಒಂದು ಬಾಟ್ಲಿಗೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತೆ, 7.6 ಇದ್ದ ಅಮ್ಮಂಗೆ 8 ದಾಟೋಕೆ ಅಷ್ಟು ಸಾಕು. ಈಗ ಎಷ್ಟೋ ಕಡೆ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ನೂ ಕೊಡ್ತಾರೆ, ಮುಟ್ಟಿನ ರಕ್ತ ಜಾಸ್ತಿ ಹೋದ್ರೆ ಮಾತ್ರೆ ಕೊಡ್ತಾರಲ್ಲ, ಅದೇ ಔಷಧಿ, ಕಟ್ಟಿದ ಹೆಪ್ಪು ಬೇಗ ಕರಗದಂಗೆ ತಡೆಯುತ್ತೆ.

ಈಗ ನೀವು ಮಾಡ್ಬೇಕಾದ್ದು, ಈ ವಾರವೇ ಹಿಮೋಗ್ಲೋಬಿನ್ ಮತ್ತೊಮ್ಮೆ ಟೆಸ್ಟ್ ಮಾಡ್ಸಿ. ಕಬ್ಬಿಣದ ಮಾತ್ರೆ ಕೊಟ್ಟಿದ್ರೆ ಅದ್ರ ಜೊತೆ ಕಾಫಿ ಟೀ ಬೇಡ, ಅವು ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ. ಆ ಮಾತ್ರೆಗೆ ಮಲ ಕಪ್ಪಾಗೋದು ಸಹಜ, ಆದ್ರೆ ಡಾಂಬರಿನಂಗೆ ಅಂಟಂಟಾಗಿ ವಾಸನೆ ಬಂದ್ರೆ ನೋವಿನ ಮಾತ್ರೆಯಿಂದ ಹೊಟ್ಟೇಲಿ ರಕ್ತ ಸೋರ್ತಿರ್ಬಹುದು. ಹಾಗಾದ್ರೆ, ಇಲ್ಲಾ ಎದೆನೋವು, ಕೂತಲ್ಲೇ ಏದುಸಿರು ಬಂದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.