ಏಜೆಂಟ್ ಹೇಳುವ 'ಒಂದು ರಾತ್ರಿ'ಯ ನಡಿಗೆ

ಪ್ರಶ್ನೆ: ನನ್ನ ತಮ್ಮ ಮೆಕ್ಸಿಕೋ ಮೂಲಕ ಅಮೆರಿಕಕ್ಕೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅರಿಜೋನಾದ ಮರುಭೂಮಿಯಲ್ಲಿ ಒಂದು ರಾತ್ರಿ ನಡೆದರೆ ಸಾಕು, ಆಮೇಲೆ ಗಾಡಿ ಕಾದಿರುತ್ತದೆ ಅಂತ ಏಜೆಂಟ್ ನಂಬಿಸಿದ್ದಾನೆ. ನೀವು ಆ ದಾರಿಯಲ್ಲೇ ಬದುಕಿ ಬಂದವರು, ಈಗ ಅಲ್ಲೇ ಜನರಿಗೆ ನೀರು ಇಡುತ್ತೀರಿ. ಅವನಿಗೆ ಏನು ಹೇಳಲಿ?
– ಹೆಸರು ಬೇಡ, ಒಬ್ಬ ಅಕ್ಕ

ಉತ್ತರ: ಅಕ್ಕಾ, ಆ ಮಾತು ಸುಳ್ಳು. ಗಡಿಯಿಂದ ಟೂಸಾನ್ ನಗರಕ್ಕೆ ಸುಮಾರು ನೂರು ಕಿಲೋಮೀಟರ್. ರಸ್ತೆಗಳಲ್ಲಿ ಗಡಿ ಪೊಲೀಸರ ತಪಾಸಣೆ ಇರುವುದರಿಂದ ಗಾಡಿ ಗಡಿ ಹತ್ತಿರ ಬರುವುದಿಲ್ಲ. ಆ ಚೌಕಿಗಳನ್ನೂ ತಪ್ಪಿಸಿ, ಸುತ್ತು ಹಾಕಿ ಬೆಟ್ಟ, ಒಣಹಳ್ಳ, ಮುಳ್ಳಲ್ಲಿ ನಡೆಯಬೇಕು. ಒಂದು ರಾತ್ರಿ ಅಂದಿದ್ದು ಹಲವು ದಿನ ಎಳೆಯುತ್ತದೆ. 1994ರಿಂದ ಅಮೆರಿಕ ಊರುಗಳ ಹತ್ತಿರದ ಗಡಿಯನ್ನು ಬಿಗಿ ಮಾಡುತ್ತಾ ಬಂತು. ಜನ ಈ ಮರುಭೂಮಿಯ ಕಡೆಗೆ ತಳ್ಳಲ್ಪಟ್ಟಿದ್ದು ಹಾಗೆ.

ತಮ್ಮನಿಗೆ ಮೊದಲು ನೀರಿನ ಲೆಕ್ಕ ಹೇಳಿ. ಬೇಸಿಗೆಯಲ್ಲಿ ಇಲ್ಲಿನ ಸೊನೊರಾ ಮರುಭೂಮಿ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ನಡೆದರೆ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಮೆಕ್ಸಿಕೋ ಬದಿಯ ಅಂಗಡಿಗಳಲ್ಲಿ, ಬೆಳಕಿಗೆ ಮಿಂಚಬಾರದು ಅಂತ ಕಪ್ಪು ಕ್ಯಾನ್ ಮಾರುತ್ತಾರೆ. ಒಂದಕ್ಕೆ ನಾಲ್ಕು ಲೀಟರಿಗೂ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಎರಡು ಹಿಡಿದರೇ ಕೈ ಸೋಲುತ್ತದೆ. ಅಷ್ಟು ದಿನಕ್ಕೆ ಬೇಕಾದ ನೀರನ್ನು ಎಂಥ ಗಟ್ಟಿ ಹುಡುಗನೂ ಹೊರಲಾರ.

ಆಮೇಲೆ ಕಾಲು. ಹೆಜ್ಜೆ ಗುರುತು ಬೀಳದಿರಲಿ ಅಂತ ಶೂ ಮೇಲೆ ಜಮಖಾನೆ ಬಟ್ಟೆಯ ಹೊದಿಕೆ ಹಾಕಿಸುತ್ತಾರೆ. ಒಳಗೆ ಬೆವರು, ಮರಳು. ಅಂಗಾಲಿಗೆ ಬೊಬ್ಬೆ ಬರುತ್ತದೆ, ಒಡೆಯುತ್ತದೆ, ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ಬರುತ್ತದೆ. ನಡೆಯಲು ಆಗದವನನ್ನು ದಾರಿ ತೋರಿಸುವವನು ಬಿಟ್ಟು ಹೋಗುತ್ತಾನೆ. ನಮ್ಮ ಗುಂಪಿನಲ್ಲೂ ಹಾಗೇ ಆಯಿತು. ರಾತ್ರಿ ಹೆಲಿಕಾಪ್ಟರ್ ತಲೆ ಮೇಲೇ ಬಂತು, ಎಲ್ಲರೂ ದಿಕ್ಕಾಪಾಲಾದೆವು. ಬೆಳಗಾದಾಗ ನಾನು ಮತ್ತು ಕಾಲು ಕೆಟ್ಟಿದ್ದ ಒಬ್ಬ ಗ್ವಾಟೆಮಾಲಾದ ಹುಡುಗ, ಇಬ್ಬರೇ. ಅವನ ಭಾಷೆ ನನಗೆ ಬರುತ್ತಿರಲಿಲ್ಲ. ದನಗಳ ತೊಟ್ಟಿಯ ಹಸಿರು ನೀರನ್ನು ಅಂಗಿಯಲ್ಲಿ ಸೋಸಿ ಕುಡಿದೆವು. ಇಬ್ಬರಿಗೂ ವಾಂತಿ, ಇನ್ನಷ್ಟು ನಿತ್ರಾಣ. ಮಧ್ಯಾಹ್ನದ ಹೊತ್ತಿಗೆ ಅವನು ಬೆವರುವುದು ನಿಂತಿತು, ಅಂಗಿ ಕಿತ್ತು ಎಸೆದ, ಯಾರನ್ನೋ ಕರೆಯಲು ಶುರು ಮಾಡಿದ. ಬಿಸಿಲು ತಲೆಗೆ ಏರಿದವರು ಹೀಗೇ ಮಾಡುತ್ತಾರೆ ಅಂತ ನನಗೆ ತಿಳಿದದ್ದು ಆಮೇಲೆ.

ಆಗ ಕಂಡಿದ್ದು ಎತ್ತರದ ಕಂಬದ ಮೇಲೆ ಒಂದು ನೀಲಿ ಬಾವುಟ. ಕೆಳಗೆ ನೀಲಿ ಡ್ರಮ್ಮು, ನಲ್ಲಿ. ಚಹಾದಷ್ಟು ಬಿಸಿ ನೀರು. ಅವನ ತಲೆ ಮೇಲೆ ಸುರಿದೆ, ಗುಟುಕು ಗುಟುಕಾಗಿ ಕುಡಿಸಿದೆ. ಇಬ್ಬರೂ ಬದುಕಿದೆವು. ಹಿಡಿದು ಒಳಗೂ ಹಾಕಿದರು, ಬಹಳ ಕಾಲ ಕೋರ್ಟಿಗೂ ಅಲೆದೆ. ಅದು ಬೇರೆ ಕಥೆ.

ಆ ಡ್ರಮ್ಮು ಇಟ್ಟವರು 2000ದಲ್ಲಿ ಟೂಸಾನ್‌ನಲ್ಲಿ ಶುರುವಾದ ಹ್ಯೂಮೇನ್ ಬಾರ್ಡರ್ಸ್ ಸಂಸ್ಥೆಯವರು. ಈಗ ನಾನೂ ಅಂಥದೇ ಡ್ರಮ್ಮುಗಳಿಗೆ ನೀರು ತುಂಬಿಸಲು ಲಾರಿಯಲ್ಲಿ ಹೋಗುತ್ತೇನೆ. ಒಂದರಲ್ಲಿ 200 ಲೀಟರ್ ಹಿಡಿಯುತ್ತದೆ. ಕೆಲವಕ್ಕೆ ಯಾರೋ ಗುಂಡು ಹೊಡೆದು ತೂತು ಮಾಡಿರುತ್ತಾರೆ. ಬದಲಿಸಿ, ಮತ್ತೆ ತುಂಬಿಸಿ ಬರುತ್ತೇವೆ. ಇಲ್ಲಿ ಸಹಾಯ ಮಾಡುವುದಕ್ಕೂ ಬೆಲೆ ತೆರಬೇಕಾಗುತ್ತದೆ, ಅಕ್ಕಾ. ಇಬ್ಬರು ವಲಸಿಗರಿಗೆ ಊಟ, ನೀರು, ಮಲಗಲು ಜಾಗ ಕೊಟ್ಟ ಸ್ಕಾಟ್ ವಾರೆನ್ ಎಂಬ ಸ್ವಯಂಸೇವಕರನ್ನು 2018ರ ಜನವರಿಯಲ್ಲಿ ಬಂಧಿಸಿದರು. ಜ್ಯೂರಿ ಅವರನ್ನು ನಿರ್ದೋಷಿ ಅಂದಿದ್ದು 2019ರ ನವೆಂಬರಿನಲ್ಲಿ.

ನಾವು ಎಷ್ಟು ನೀರಿಟ್ಟರೂ ಎಲ್ಲರಿಗೂ ತಲುಪುವುದಿಲ್ಲ. 2001ರ ಮೇ ತಿಂಗಳಲ್ಲಿ ದಾರಿ ತಪ್ಪಿದ ಒಂದೇ ಗುಂಪಿನ 14 ಜನ ಸತ್ತರು. 2000ದಿಂದ ಈಚೆಗೆ ದಕ್ಷಿಣ ಅರಿಜೋನಾದಲ್ಲಿ ಸಿಕ್ಕ ದೇಹ, ಮೂಳೆಗಳ ಲೆಕ್ಕ 4,000 ದಾಟಿದೆ. ಎಷ್ಟೋ ಜನರ ಹೆಸರೇ ಗೊತ್ತಾಗಿಲ್ಲ. ಪ್ಯಾಂಟಿನ ಸೊಂಟಪಟ್ಟಿಯೊಳಗೆ ಹೊಲಿದಿಟ್ಟ ಫೋನ್ ನಂಬರಿನಿಂದ ಕೆಲವರ ಮನೆಯವರಿಗೆ ಸುದ್ದಿ ಮುಟ್ಟಿದೆ.

ದಾಟಿದರೂ ಉಳಿಯುತ್ತಾನೆ ಅನ್ನುವ ಹಾಗಿಲ್ಲ. 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ವಾಪಸ್ ತಂದಿಳಿಸಿದರು. ದಾರಿಯುದ್ದಕ್ಕೂ ಕೈಗೆ ಕೋಳ. ಏಜೆಂಟಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತಾ?

ಹೋಗಬೇಡ ಅಂತಲೇ ಹೇಳಿ. ದುಡ್ಡು ಇನ್ನೂ ಕೊಟ್ಟಿಲ್ಲ ಅಂದರೆ ಇವತ್ತೇ ತಡೆಯಿರಿ. ನಿಮ್ಮ ಮಾತು ಮೀರಿ ಹೊರಟೇಬಿಟ್ಟರೆ ಇಷ್ಟು ತಿಳಿದಿರಲಿ: ಮನೆಯ ಫೋನ್ ನಂಬರ್ ಬಾಯಿಪಾಠ ಇರಬೇಕು. ನೀಲಿ ಬಾವುಟ ಅಂದರೆ ನೀರು. ತುದಿಯಲ್ಲಿ ದೀಪ ಮಿನುಗುವ ಕಂಬಗಳಿವೆ, ಅದರ ಕೆಂಪು ಗುಂಡಿ ಒತ್ತಿದರೆ ಗಡಿ ಪೊಲೀಸರು ಬರುತ್ತಾರೆ. ಫೋನಿಗೆ ಸಿಗ್ನಲ್ ಸಿಕ್ಕರೆ 911, ಅಮೆರಿಕದ ತುರ್ತು ಸಹಾಯದ ನಂಬರ್. ಹಿಡಿಯುತ್ತಾರೆ, ನಿಜ. ಆದರೆ ಜೀವ ಉಳಿಯುತ್ತದೆ. ಹೆದರಿ ಸುಮ್ನೆ ಮರದಡಿ ಕೂರಬಾರದು.

ಈ ಉತ್ತರವನ್ನು ಅವನ ಕೈಗೇ ಕೊಟ್ಟು ಓದಿಸಿ. ಏನಾದರೂ ಕೇಳಬೇಕು ಅನಿಸಿದರೆ ಪತ್ರಿಕೆಯ ವಿಳಾಸಕ್ಕೆ ಅವನೇ ಬರೆಯಲಿ. ಮುಂದಿನ ಸಂಚಿಕೆ ತನಕ ಕಾಯಿಸದೆ ನೇರವಾಗಿ ಉತ್ತರ ಬರೆಯುತ್ತೇನೆ.